ತತ್ವಪದದ ಹೊಸ ಆಲ್ಬಂ ಮಂಕಾಗಿ ಕೇಳಿದ್ರ ಬ್ಯಾಂಡಿನ ತಪ್ಪೇನು?

ತತ್ವಪದಗಳನ್ನ ರಾಕ್ ಮಾಡಿ ಹಾಡೂ ನಿಮ್ಮ ಮೆಚ್ಚಿನ ಬ್ಯಾಂಡಿನ ಹೊಸ ಆಲ್ಬಂ ಕಲಬುರಗಿ ಮನ್ಯಾಗ ಬ್ಲೂಟೂತ್ ಸ್ಪೀಕರ್ ಹಚ್ಚಿ ಕೇಳೀರಿ. ಹಳೇದರ ಮುಂದ ಮಂಕು ಅನಿಸ್ಯಾದ, ಮಾತು ತಿಳಿದಿಲ್ಲ. ಇದನ್ನೇ ಅಭಿಪ್ರಾಯ ಅಂತ ಬರೀಲೇನು ಅಂತ ಕೇಳ್ಲಿಕತ್ತೀರಿ. ಇನ್ನೂ ಬರೀಬ್ಯಾಡ್ರಿ.

ಮೊದಲು ಖೋಲಿ ನೋಡ್ರಿ. ನಮ್ಮ ಕಡಿ ನೆಲ ಶಹಾಬಾದ್ ಪರಸಿ, ಮ್ಯಾಲ ಆರ್‌ಸಿಸಿ, ಗ್ವಾಡಿ ಬೋಳು. ಸದ್ದು ಹೀರ್ಕೊಳ್ಳೂದು ಏನೂ ಇಲ್ಲ. ಒಂದು ಅಕ್ಷರದ ಪ್ರತಿಧ್ವನಿ ಮುಂದಿನ ಅಕ್ಷರದ ಮ್ಯಾಲ ಬೀಳ್ತದ. ಬ್ಯಾಸಗ್ಯಾಗ ಕೂಲರ್ ಬ್ಯಾರೆ. ಅದರ ಭೋರ್ ಅನ್ನೂ ಸದ್ದಿನಾಗ ಏಕತಾರಿ ಶ್ರುತಿ, ಹಾಡೋರ ಉಸಿರು ಮೊದಲೇ ಮುಚ್ಚಿ ಹೋಗ್ತಾವ. ಕೂಲರ್ ಬಂದ್ ಮಾಡಿ, ಗಾದಿ, ಪರದೆ ಇರೂ ಖೋಲ್ಯಾಗ ಕೂಡ್ರಿ. ಸ್ಪೀಕರ್ ಮೂಲ್ಯಾಗ ಇಡಬ್ಯಾಡ್ರಿ, ಅಲ್ಲಿ ಬಾಸ್ ಉಬ್ಬಿ ಮಾತು ಮುಳುಗ್ತದ.

ಸಣ್ಣ ಸ್ಪೀಕರ್ ಭಾಳ ಮಟ್ಟಿಗೆ ಎಡ-ಬಲ ಕೂಡಿಸಿ ಒಂದೇ ಮಾಡಿ ನುಡಸ್ತಾವ. ಎರಡೂ ಕಡಿ ಅಗಲಕ್ಕ ಹರವಿದ ಗಿಟಾರ್, ಹಿಮ್ಮೇಳ ಅದರಾಗ ಸೊರಗ್ತಾವ. ಬಾಸ್ ಗಿಟಾರಿನ ದಪ್ಪ ತಂತಿಯ ಸ್ವರ ಭಾಳ ತಗ್ಗು, ಸುಮಾರು 41 ಹರ್ಟ್ಸ್. ಅಂಗೈಯಷ್ಟು ಸ್ಪೀಕರ್ ಅಲ್ಲಿತನಕ ಇಳಿಯೂದಿಲ್ಲ. ವೈರಿನ ಇಯರ್‌ಫೋನಿನಾಗ ಒಮ್ಮೆ ಕೇಳ್ರಿ, ವ್ಯತ್ಯಾಸ ತಿಳೀತದ.

ಸ್ಪಾಟಿಫೈನಾಗ ಗುಣಮಟ್ಟ ಆಟೊಮ್ಯಾಟಿಕ್ ಇದ್ರ ನೆಟ್‌ವರ್ಕ್ ಬಿದ್ದಾಗ ತಾನೇ ಇಳೀತದ. ತಾಳ, ಗೆಜ್ಜಿ, ಸಿಂಬಲ್ ನೀರಿನಾಗ ಅದ್ದಿದಂಗ ಕೇಳಿದ್ರ ಇದೇ ಕಾರಣ ಇರಬಹುದು. ನಿಮ್ಮ ಪ್ರೀಮಿಯಂ ಪ್ಲಾನಿನಾಗ ವೆರಿ ಹೈ, ಅಂದ್ರ 320 ಕೆಬಿಪಿಎಸ್ ಗುಣಮಟ್ಟ ಇದ್ರ ಅದನ್ನ ಇಟ್ಟು ಡೌನ್‌ಲೋಡ್ ಮಾಡ್ರಿ. ಶಫಲ್, ಕ್ರಾಸ್‌ಫೇಡ್ (ಒಂದು ಹಾಡಿನ ಕೊನಿ ಮುಂದಿನ ಹಾಡಿನ ಮ್ಯಾಲ ಬೆರಸೂದು) ಬಂದ್ ಮಾಡ್ರಿ.

ಹಳೇ ಆಲ್ಬಂ ಎಂಪಿ3 ಫೈಲ್, ಹೊಸದು ಆ್ಯಪಿನಾಗ ಅಂದ್ರ ಆ ಹೋಲಿಕೆ ನ್ಯಾಯ ಅಲ್ಲ. ಆ್ಯಪ್ ಹಾಡುಗಳ ಜೋರನ್ನ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಅನಿಸೂ ಜೋರಿನ ಅಳತಿ) ಅನ್ನೂ ಒಂದೇ ಮಟ್ಟಕ್ಕ ತರ್ತದ, ಫೈಲಿಗೆ ಆ ಕಟ್ಟಿಲ್ಲ. ಒಂದೆರಡು ಡೆಸಿಬಲ್ ಜೋರಿದ್ದದ್ದೇ ಕಿವಿಗೆ ಚಲೋ ಅನಿಸ್ತದ. ಎರಡನ್ನೂ ಅದೇ ಆ್ಯಪಿನಾಗ, ಅದೇ ವಾಲ್ಯೂಮಿನಾಗ ಕೇಳ್ರಿ.

ಇಷ್ಟಾದ ಮ್ಯಾಲೂ ಮಾತು ತಿಳೀಲಿಲ್ಲ ಅಂದ್ರ ಅದು ಬ್ಯಾಂಡಿನ ಲೆಕ್ಕ. ನನಗ ಎಲ್ಲಕ್ಕಿಂತ ದೊಡ್ಡದು ಇದೇ. ತತ್ವಪದಕಾರ ಕಡಕೋಳ ಮಡಿವಾಳಪ್ಪನವರಂಥವರ ಪದ ಮಾತಿನ ಮ್ಯಾಲೇ ನಿಂತಾವ. ಏಕತಾರಿ, ದಮ್ಮಡಿ, ತಾಳದ ಭಜನ್ಯಾಗ ಮುಂದಿನವರು ಒಂದು ಸಾಲು ಹೇಳ್ತಾರ, ಹಿಂದಿನವರು ಅದನ್ನೇ ಎತ್ತಿ ಹಾಡ್ತಾರ. ಆ ಮರುಸಾಲಿನಾಗ ಅರ್ಥ ಮನಸಿಗೆ ಇಳೀತದ. ಬ್ಯಾಂಡಿನವರು ಆ ಜಾಗಾಕ್ಕ ಗಿಟಾರ್ ತುಂಬಿದ್ರ ಪದ ಉಸಿರು ಕಟ್ತದ. ಯಾವ ಸ್ಪೀಕರ್ ಹಚ್ಚಿದ್ರೂ ಇದು ಹೋಗೂದಿಲ್ಲ. ಇದನ್ನ ಧೈರ್ಯದಿಂದ ಬರೀರಿ, ಯಾವ ಹಾಡು, ಎಷ್ಟನೇ ನಿಮಿಷ ಅಂತ ಹೇಳಿ. ಪದದ ಸಾಹಿತ್ಯ ಮಾತ್ರ ಎರಡನೇ ಸಲ ಕೇಳೂಮುಂದ ಓದ್ರಿ. ಮೊದಲೇ ಓದಿದ್ರ ಕೇಳದ ಮಾತೂ ಕೇಳಿದಂಗ ಅನಿಸ್ತದ.