ನಿಂತ ಹಡಗೂ ಅಂಡರ್‌ವೇ: ಮಂಡ್ಯದ ಲೇಖಕಿಗೆ ಒಂದು ಉತ್ತರ

ಪ್ರಿಯರೇ,

ಸಮುದ್ರದಲ್ಲಿ ಹಡಗುಗಳು ಡಿಕ್ಕಿಯಾಗದಂತೆ ತಡೆಯುವ ನಿಯಮಗಳ ಬಗ್ಗೆ ನೀವು ಮಂಡ್ಯದಿಂದ ಕಳಿಸಿದ ಲೇಖನ ತಲುಪಿತು. ಕಾನೂನು ಓದುತ್ತಿರುವ ನೀವು, ಕಡಲಿಂದ ಇಷ್ಟು ದೂರ ಕೂತು ಇಂಥ ವಿಷಯ ಎತ್ತಿಕೊಂಡಿದ್ದು ಸಂತೋಷ. ಭಾಷೆ ಸರಾಗವಾಗಿದೆ. 1972ರ ಒಪ್ಪಂದ, ಅದು 1977ರ ಜುಲೈ 15ರಂದು ಜಾರಿಗೆ ಬಂದದ್ದು, ಎಲ್ಲ ಸರಿ ಇದೆ. ಆದರೂ ಎರಡು ರಾತ್ರಿ ಈ ಲೇಖನ ನನ್ನ ತಲೆಯಿಂದ ಹೋಗಲಿಲ್ಲ. ಕಾರಣ ಮೂರನೇ ನಿಯಮ, ಅಂದರೆ ಯಾವ ಪದಕ್ಕೆ ಏನು ಅರ್ಥ ಅಂತ ಹೇಳುವ ನಿಯಮ. ಅದರ ಮೇಲೆ ನೀವು ಬರೆದ ಎರಡು ಪುಟದ ಬಗ್ಗೆ ಮಾತ್ರ ಇವತ್ತು ಹೇಳುತ್ತೇನೆ.

ನಿಮ್ಮ ಸಾಲು: ‘ಅಂಡರ್‌ವೇ ಎಂದರೆ ಚಲಿಸುತ್ತಿರುವ ಹಡಗು.’

ಅಲ್ಲ. ನಿಯಮದಲ್ಲಿ ಚಲನೆಯ ಮಾತೇ ಇಲ್ಲ. ಹಡಗು ಲಂಗರು ಹಾಕಿರಬಾರದು, ದಡಕ್ಕೆ ಕಟ್ಟಿರಬಾರದು, ತಳ ನೆಲಕ್ಕೆ ತಾಗಿ ಸಿಕ್ಕಿಕೊಂಡಿರಬಾರದು. ಈ ಮೂರರಲ್ಲಿ ಯಾವುದೂ ಇಲ್ಲದಿದ್ದರೆ ಅದು ಅಂಡರ್‌ವೇ. ಅಷ್ಟೇ.

ತಿರುಮಕೂಡಲಿನಲ್ಲಿ ಹರಿಗೋಲು ಹತ್ತಿದ್ದೀರಾ? ಅಂಬಿಗ ಹಗ್ಗ ಬಿಚ್ಚುತ್ತಾನೆ. ನಾಲ್ಕು ಮಾರು ಹೋದ ಮೇಲೆ ಹುಟ್ಟು ಎತ್ತಿ ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡು ಬೀಡಿ ಹಚ್ಚುತ್ತಾನೆ. ಹುಟ್ಟಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಹರಿಗೋಲು ನಿಂತ ಹಾಗೇ ಕಾಣುತ್ತದೆ. ಆದರೆ ಅದನ್ನು ಹಿಡಿದಿಟ್ಟಿರುವುದು ಏನೂ ಇಲ್ಲ, ಅಲ್ವಾ? ಆ ಸ್ಥಿತಿಯೇ ಅಂಡರ್‌ವೇ. (ಹೋಲಿಕೆಗೆ ಹೇಳಿದೆ ಅಷ್ಟೇ. ಈ ನಿಯಮಗಳು ಸಮುದ್ರಕ್ಕೆ, ಮತ್ತೆ ಸಮುದ್ರದ ಹಡಗು ಓಡಾಡಬಲ್ಲ, ಅದಕ್ಕೆ ಕೂಡಿಕೊಂಡ ನೀರಿಗೆ. ನಮ್ಮ ಕಡೆಯ ಕಾವೇರಿಗೆ ಅಲ್ಲ.)

ಮೊದಲ ಸಾಲು ತಪ್ಪಿದ್ದಕ್ಕೆ ಮುಂದಿನದೂ ತಪ್ಪಿತು. ‘ಎಂಜಿನ್ ನಿಲ್ಲಿಸಿ ತೇಲುತ್ತಿರುವ ಹಡಗು ಬೇರೆಯವರಿಗೆ ದಾರಿ ಬಿಡಬೇಕಿಲ್ಲ’ ಎಂದಿದ್ದೀರಿ. ಬಿಡಬೇಕು. ಕ್ಯಾಪ್ಟನ್ ತಾನಾಗಿ ಎಂಜಿನ್ ನಿಲ್ಲಿಸಿದ ಮಾತ್ರಕ್ಕೆ ಅವನ ಹೊಣೆ ಕಳಚುವುದಿಲ್ಲ. ಎಂಜಿನ್ ಕೆಟ್ಟು ಕೈಗೆ ಸಿಗದೆ ಹೋದ ಹಡಗಿನ ಮಾತು ಬೇರೆ. ಅದಕ್ಕೆ ರಾತ್ರಿ ಒಂದರ ಕೆಳಗೊಂದು ಎರಡು ಕೆಂಪು ದೀಪ, ಹಗಲಲ್ಲಿ ಚೆಂಡಿನಂಥ ಎರಡು ದುಂಡನೆ ಗುರುತು ತೋರಿಸಬೇಕು ಅಂತ ಬೇರೆಯೇ ನಿಯಮ ಇದೆ.

ಮಂಜು ಕವಿದಾಗ ಏನಾಗುತ್ತದೆ ನೋಡಿ. ನೀರಲ್ಲಿ ಮುಂದೆ ಸಾಗುತ್ತಿರುವ ಯಂತ್ರದ ಹಡಗು ಎರಡು ನಿಮಿಷಕ್ಕೆ ಮೀರದಂತೆ ಒಂದು ಉದ್ದ ಕೂಗು ಹಾಕಬೇಕು. ಉದ್ದ ಕೂಗು ಅಂದರೆ 4ರಿಂದ 6 ಸೆಕೆಂಡು. ಅಂಡರ್‌ವೇ ಆಗಿದ್ದೂ ನಿಂತಿರುವ ಹಡಗು ಎರಡು ಉದ್ದ ಕೂಗು ಹಾಕಬೇಕು, ನಡುವೆ ಸುಮಾರು 2 ಸೆಕೆಂಡು ಬಿಟ್ಟು. ಲಂಗರು ಹಾಕಿದ್ದಕ್ಕೆ ಗಂಟೆ. ಏನೂ ಕಾಣದ ನಾವಿಕನಿಗೆ ಕಿವಿಯೇ ಕಣ್ಣು. ನಿಮ್ಮ ಅರ್ಥ ಹಿಡಿದರೆ ಆ ಎರಡು ಕೂಗಿನ ಹಡಗಿಗೆ ಜಾಗವೇ ಇಲ್ಲ. ಅದು ಮಂಜಿನಲ್ಲಿ ಸುಮ್ನೆ ಕೂತಿರುತ್ತದೆ.

ಇನ್ನೊಂದು ತಪ್ಪು ನನಗೆ ಜಾಸ್ತಿ ನೋವು ಕೊಟ್ಟಿತು. ಒಂದೇ ಪ್ಯಾರಾದಲ್ಲಿ ‘ಮೀನು ಹಿಡಿಯುತ್ತಿರುವ ಹಡಗು’, ಆಮೇಲೆ ‘ಮೀನುಗಾರರ ದೋಣಿ’, ಆಮೇಲೆ ‘ಮತ್ಸ್ಯನೌಕೆ’. ಬಂದ ಪದವೇ ಮತ್ತೆ ಬರಬಾರದು ಅಂತ ಬದಲಾಯಿಸಿದ್ದೀರಿ. ಆದರೆ ನಿಯಮ ದಾರಿ ಬಿಡಿ ಎನ್ನುವುದು ಬಲೆಯಿಂದಲೋ, ಗಾಳದ ಹಗ್ಗದಿಂದಲೋ, ಹಿಂದೆ ಎಳೆದುಕೊಂಡು ಹೋಗುವ ಟ್ರಾಲ್ ಬಲೆಯಿಂದಲೋ ಮೀನು ಹಿಡಿಯುತ್ತಾ, ಅದರಿಂದಾಗಿ ಬೇಕಾದ ಹಾಗೆ ತಿರುಗಲಾಗದೆ ಇರುವ ಹಡಗಿಗೆ ಮಾತ್ರ. ಬಲೆ ಎಳೆದುಕೊಂಡು, ಮೀನು ತುಂಬಿಕೊಂಡು ಮಲ್ಪೆಗೆ ವಾಪಸ್ ಓಡುತ್ತಿರುವ ಬೋಟು ಮೀನುಗಾರರದ್ದೇ. ಆದರೂ ಆ ಹೊತ್ತಿಗೆ ಅದು ಬರೀ ಯಂತ್ರದ ಹಡಗು. ನಿಮ್ಮ ಎರಡನೇ ಪದ ಅದಕ್ಕೂ ಆ ಹಕ್ಕು ಕೊಟ್ಟುಬಿಟ್ಟಿತು.

ಇದು ನನಗೆ ಇಷ್ಟು ತಟ್ಟುವುದಕ್ಕೆ ಕಾರಣ ಇದೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಮೈಸೂರಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದೆ. ಒಂದೊಂದೇ ಅಚ್ಚಿನ ಮೊಳೆ ಜೋಡಿಸುವ ಕಾಲ. ಪಾಂಡವಪುರ ಕಡೆಯ ಒಂದು ಜಮೀನಿನ ಬಗ್ಗೆ ವಕೀಲರೊಬ್ಬರು ಸಾರ್ವಜನಿಕ ಪ್ರಕಟಣೆ ತಂದಿದ್ದರು. ‘ಸದರಿ ತರಿ ಜಮೀನು’ ಅಂತ ನಾಲ್ಕು ಕಡೆ ಇತ್ತು. ಓದುವುದಕ್ಕೆ ಚೆನ್ನಾಗಿರಲಿ ಅಂತ ನಾನು ಎರಡನೆಯದನ್ನು ಗದ್ದೆ ಮಾಡಿದೆ, ಮೂರನೆಯದನ್ನು ನೀರಾವರಿ ಭೂಮಿ ಮಾಡಿದೆ. ವಕೀಲರು ಕರಡು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಏನಪ್ಪಾ, ಇದ್ದದ್ದು ಒಂದು ಜಮೀನು. ಮೂರು ಮಾಡಿದ್ದೀಯಲ್ಲ?” ಅಂದರು. ಕಂದಾಯದ ಲೆಕ್ಕದಲ್ಲಿ ಮಳೆ ನಂಬಿದ ಖುಷ್ಕಿ ಬೇರೆ, ನೀರುಣ್ಣುವ ತರಿ ಬೇರೆ, ತೋಟದ ಬಾಗಾಯ್ತು ಬೇರೆ ಅಂತ ನಮ್ಮ ಹಿರಿಯ ಕಂಪೋಸಿಟರ್ ಆಮೇಲೆ ಕೂರಿಸಿಕೊಂಡು ಹೇಳಿದರು. ಬೈಯಲಿಲ್ಲ. ಕಟ್ಟಿದ್ದ ಸಾಲುಗಳನ್ನು ಬಿಚ್ಚಿಸಿ, ‘ತರಿ’ಯ ತ, ರಿ ಎರಡೂ ಮೊಳೆಗಳನ್ನು ನನ್ನ ಕೈಯಿಂದಲೇ ಮತ್ತೆ ಕೂರಿಸಿದರು. ರಾತ್ರಿ ಮನೆಗೆ ಹೋದಾಗಲೂ ಬೆರಳ ತುದಿಯಲ್ಲಿ ಮಸಿ ಇತ್ತು.

ಕತೆ ಬರೆಯುವಾಗ ಪದ ಬದಲಾಯಿಸಿ, ನಾನೇ ಮೆಚ್ಚುತ್ತೇನೆ. ಇಲ್ಲಿ ಬೇಡ. ಅಂಡರ್‌ವೇಗೆ ಕನ್ನಡದ ಪದ ಹುಡುಕಿ ಕಷ್ಟಪಡಬೇಡಿ. ಹಾಗೇ ಇಟ್ಟು, ಅರ್ಥ ಒಂದು ಸಲ ಬಿಡಿಸಿ ಹೇಳಿ, ಕೊನೆಯವರೆಗೂ ಅದನ್ನೇ ಬಳಸಿ. ‘ಮೀನು ಹಿಡಿಯುತ್ತಿರುವ ಹಡಗು’ ಹತ್ತು ಸಲ ಬಂದರೂ ಬರಲಿ. ಈ ಎರಡು ಪುಟ ಹೊಸದಾಗಿ ಬರೆದು ತಿಂಗಳ ಕೊನೆಯೊಳಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ ನಿಮಗೆ ಅಂತ ಬಿಟ್ಟಿದ್ದೇನೆ.

ನಿಮ್ಮ,
ಸಂಪಾದಕ
ಮೈಸೂರು