ಟಿವಿಯಲ್ಲಿ ಎಲ್ಲರೂ ಯಾಕೆ ಸಣಕಲು?

ಪ್ರಶ್ನೆ: ಕ್ಯಾಮೆರಾದಲ್ಲಿ 1920×1080 ಅಳತೆಯಲ್ಲಿ ತೆಗೆದ ವಿಡಿಯೊವನ್ನು ಡಿವಿಡಿ ಮಾಡಿದೆ. ಕಂಪ್ಯೂಟರಿನಲ್ಲಿ ಅದರ ವಿಒಬಿ ಫೈಲ್ (ಡಿಸ್ಕಿನಲ್ಲಿ ವಿಡಿಯೊ ಇರುವ ಫೈಲ್) ತೆರೆದರೆ ಚಿತ್ರ ಸರಿಯಾಗಿದೆ. ಅದೇ ಡಿಸ್ಕನ್ನು ಪ್ಲೇಯರಿಗೆ ಹಾಕಿದರೆ ಟಿವಿಯ ಎರಡೂ ಬದಿಗೆ ಕಪ್ಪು ಪಟ್ಟಿ, ನಡುವೆ ಎಲ್ಲರೂ ಉದ್ದಕ್ಕೆ ಎಳೆದ ಹಾಗೆ. ಮೂರು ಡಿಸ್ಕ್ ಹಾಳಾಯಿತು. ತಪ್ಪು ಎಲ್ಲಿದೆ?

ಉತ್ತರ: ನಾಲ್ಕನೆಯದನ್ನು ಸದ್ಯಕ್ಕೆ ಬರ್ನ್ ಮಾಡಬೇಡಿ. ನಿಮ್ಮ ಚಿತ್ರ ಹಾಳಾಗಿಲ್ಲ, ಅದರ ಮೇಲಿನ ಚೀಟಿ ತಪ್ಪಾಗಿದೆ ಅಷ್ಟೇ.

ಪಾಲ್ ಅನ್ನುವ ಟಿವಿ ಪದ್ಧತಿಯ ಡಿವಿಡಿಯಲ್ಲಿ ಪೂರ್ತಿ ಅಳತೆಯ ಚಿತ್ರ ಅಂದರೆ 720×576. ಎನ್‌ಟಿಎಸ್‌ಸಿ ಅನ್ನುವ ಇನ್ನೊಂದು ಪದ್ಧತಿಯಲ್ಲಾದರೆ 720×480. ಚಿತ್ರದ ಅಗಲ-ಎತ್ತರದ ಅನುಪಾತ ಹಳೇ ಟಿವಿಯ 4:3 ಇರಲಿ, ಅಗಲ ಟಿವಿಯ 16:9 ಇರಲಿ, ಪಿಕ್ಸೆಲ್ ಲೆಕ್ಕ ಒಂದೇ. 720ನ್ನು 576ರಿಂದ ಭಾಗಿಸಿ ನೋಡಿ, 1.25 ಬರುತ್ತದೆ. ಅದು 4:3ಕ್ಕೂ ಸೇರಲ್ಲ, 16:9ಕ್ಕೂ ಸೇರಲ್ಲ. ಯಾಕೆಂದರೆ ಇಲ್ಲಿ ಪಿಕ್ಸೆಲ್ಲುಗಳು ಚೌಕವಾಗಿಲ್ಲ. ಅಗಲ ಚಿತ್ರವನ್ನು ಅಡ್ಡಕ್ಕೆ ಅದುಮಿ 720ರೊಳಗೆ ತುಂಬಿರುತ್ತಾರೆ, ನೋಡುವಾಗ ಪ್ಲೇಯರ್ ಮತ್ತು ಟಿವಿ ಸೇರಿ ಅದನ್ನು ಮತ್ತೆ ಹಿಗ್ಗಿಸುತ್ತವೆ. ಹಿಗ್ಗಿಸಬೇಕೋ ಬೇಡವೋ ಅಂತ ಹೇಳುವುದಕ್ಕೆ ಒಂದು ಗುರುತು ಇರುತ್ತದೆ, ಅದನ್ನೇ ಆಸ್ಪೆಕ್ಟ್ ಫ್ಲ್ಯಾಗ್ ಅನ್ನುವುದು.

ತಮಾಷೆ ಏನೆಂದರೆ ಈ ಗುರುತು ಡಿಸ್ಕಿನಲ್ಲಿ ಎರಡು ಕಡೆ ಇರುತ್ತದೆ. ಒಂದು ಎಂಪೆಗ್-2 ವಿಡಿಯೊದೊಳಗೇ, ಇನ್ನೊಂದು ಡಿಸ್ಕನ್ನು ಹೇಗೆ ತೋರಿಸಬೇಕು ಅಂತ ಪ್ಲೇಯರಿಗೆ ಹೇಳುವ ಐಎಫ್ಒ ಫೈಲಿನಲ್ಲಿ. ನೀವು ವಿಒಬಿಯನ್ನು ನೇರವಾಗಿ ತೆರೆದಾಗ ಕಂಪ್ಯೂಟರ್ ಮೊದಲನೆಯದನ್ನು ಓದುತ್ತದೆ. ಟಿವಿ ಪಕ್ಕದ ಪ್ಲೇಯರ್ ನಂಬುವುದು ಐಎಫ್ಒ ಹೇಳಿದ್ದನ್ನು. ವಿಡಿಯೊವನ್ನು ಡಿವಿಡಿಯ ರೂಪಕ್ಕೆ ತಂದ ನಿಮ್ಮ ಎನ್‌ಕೋಡರ್ 16:9 ಅಂತ ಸರಿಯಾಗಿ ಬರೆದಿದೆ, ಆಮೇಲೆ ಡಿಸ್ಕ್ ಕಟ್ಟಿದ ಸಾಫ್ಟ್‌ವೇರ್ 4:3 ಅಂತ ಬರೆದುಬಿಟ್ಟಿದೆ. ಅದಕ್ಕೇ ಒಂದು ಕಡೆ ಸರಿ, ಇನ್ನೊಂದು ಕಡೆ ಸಣಕಲು.

ಇದು ಪ್ಲೇಯರಿನದೇ ತಪ್ಪೂ ಇರಬಹುದು ಅಲ್ವಾ? ಇರಬಹುದು. ಅಂಗಡಿಯಲ್ಲಿ ಕೊಂಡ ಯಾವುದಾದರೂ ವೈಡ್‌ಸ್ಕ್ರೀನ್ ಡಿವಿಡಿ ಹಾಕಿ ನೋಡಿ. ಅದು ಸರಿ ಬಂದರೆ ಪ್ಲೇಯರ್ ನಿರಪರಾಧಿ. ಅದೂ ಕೆಟ್ಟದಾಗಿ ಬಂದರೆ ಸೆಟಪ್ ಮೆನುವಿಗೆ ಹೋಗಿ, ಟಿವಿ ಟೈಪ್ ಅನ್ನುವಲ್ಲಿ 16:9 ಇದೆಯಾ ನೋಡಿ. ಅಲ್ಲಿ 4:3 ಪ್ಯಾನ್ ಸ್ಕ್ಯಾನ್ ಇದ್ದರೆ ಚಿತ್ರದ ಎರಡೂ ಅಂಚು ಕತ್ತರಿಸಿಹೋಗಬಹುದು, ಲೆಟರ್‌ಬಾಕ್ಸ್ ಇದ್ದರೆ ಮೇಲೆ ಕೆಳಗೆ ಪಟ್ಟಿ ಸೇರುತ್ತದೆ. ನಾಲ್ಕೂ ಕಡೆ ಪಟ್ಟಿ, ನಡುವೆ ಪುಟ್ಟ ಚಿತ್ರ ಅಂತ ದೂರುವವರಲ್ಲಿ ಎಷ್ಟೋ ಜನರ ತೊಂದರೆ ಈ ಲೆಟರ್‌ಬಾಕ್ಸ್ ಸೆಟ್ಟಿಂಗೇ.

ಈಗ ರಿಪೇರಿ. ವಿಡಿಯೊವನ್ನು ಮತ್ತೆ ಎನ್‌ಕೋಡ್ ಮಾಡುವುದು ಬೇಡ, ಸುಮ್ನೆ ಗಂಟೆಗಟ್ಟಲೆ ಕಾಯಬೇಕು, ಗುಣಮಟ್ಟವೂ ಸ್ವಲ್ಪ ಇಳಿಯುತ್ತದೆ. ಡಿಸ್ಕ್ ಕಟ್ಟುವ ಪ್ರಾಜೆಕ್ಟನ್ನೇ ತೆರೆದು ಆಸ್ಪೆಕ್ಟ್ ರೇಶಿಯೋ 16:9 ಅಂತ ಬದಲಿಸಿ, ವಿಡಿಯೊ ಫೈಲನ್ನು ಇದ್ದ ಹಾಗೇ ಬಳಸಿ. ಡಿವಿಡಿ ಸ್ಟೈಲರ್ ಅನ್ನುವ ಡಿಸ್ಕ್ ಕಟ್ಟುವ ಸಾಫ್ಟ್‌ವೇರಿನಲ್ಲಿ ಇದು ಪ್ರಾಜೆಕ್ಟ್ ಶುರು ಮಾಡುವಾಗಲೇ ಕೇಳುವ ಪ್ರಶ್ನೆ, ನಾವು ಓದದೆ ಮುಂದೆ ಒತ್ತಿಬಿಡುತ್ತೇವೆ. ಪ್ರಾಜೆಕ್ಟ್ ಉಳಿದಿಲ್ಲ ಅಂದರೆ ಡಿಸ್ಕನ್ನು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿಕೊಂಡು ಐಎಫ್ಒ ಎಡಿಟ್ ಅನ್ನುವ ಹಳೇ ಸಾಧನದಲ್ಲಿ ಗುರುತನ್ನಷ್ಟೇ ತಿದ್ದಬಹುದು. ಐಎಫ್ಒ ಜೊತೆಗೆ ಅದರ ನಕಲಾದ ಬಿಯುಪಿ ಫೈಲನ್ನೂ ತಿದ್ದಿ. ಮೆನುವಿನ ಗುರುತು ಬೇರೆ, ವಿಡಿಯೊದ ಗುರುತು ಬೇರೆ, ಮೆನು ಚೆಂದ ಬಂತು ಅಂತ ಮೋಸ ಹೋಗಬೇಡಿ.

ಇನ್ನು ಮುಂದೆ ಡಿಸ್ಕ್ ಹಾಳಾಗಬಾರದು ಅಂದರೆ ಎಡಿಟಿಂಗಿನಲ್ಲಿ ಒಂದು ಗುಂಡನೆಯ ವೃತ್ತ ಬರೆದು ಹತ್ತು ಸೆಕೆಂಡಿನ ತುಣುಕು ಮಾಡಿ, ಅಳಿಸಿ ಬರೆಯಬಹುದಾದ ಡಿವಿಡಿ-ಆರ್‌ಡಬ್ಲ್ಯೂಗೆ ಹಾಕಿ, ಟಿವಿಯ ಮೇಲೆ ಸ್ಕೇಲ್ ಇಟ್ಟು ಅಳೆಯಿರಿ. ನಗಬೇಡಿ, ನಾನು ಈಗಲೂ ಹೀಗೇ ಮಾಡುತ್ತೇನೆ. ಎತ್ತರ 20 ಸೆಂಟಿಮೀಟರ್, ಅಗಲ 15 ಬಂದರೆ 16:9 ಚಿತ್ರಕ್ಕೆ 4:3 ಚೀಟಿ ಅಂಟಿದೆ. ಎತ್ತರ 15, ಅಗಲ 20 ಆದರೆ ಉಲ್ಟಾ, 4:3 ಚಿತ್ರವನ್ನು ಟಿವಿ ತುಂಬ ಎಳೆದಿದ್ದೀರಿ. ಕಣ್ಣಿಗೆ ಮುಖಗಳು ಬೇಗ ರೂಢಿಯಾಗಿಬಿಡುತ್ತವೆ, ವೃತ್ತಕ್ಕೆ ಆ ಚಾಳಿ ಇಲ್ಲ.

ಪ್ರಶ್ನೆ: ಒಂದೇ ಡಿವಿಡಿಯಲ್ಲಿ ಹಳೇ ಟೇಪಿನ 4:3 ವಿಡಿಯೊ ಮತ್ತು ಹೊಸ 16:9 ವಿಡಿಯೊ ಎರಡನ್ನೂ ಹಾಕಬಹುದಾ?

ಉತ್ತರ: ಧಾರಾಳವಾಗಿ. ಆದರೆ ಒಂದೇ ಟೈಟಲ್‌ಸೆಟ್‌ನಲ್ಲಿ, ಅಂದರೆ ಡಿಸ್ಕಿನೊಳಗಿನ ವಿಡಿಯೊಗಳ ಒಂದೇ ಗುಂಪಿನಲ್ಲಿ, ಹಾಕಬೇಡಿ. ಒಂದು ಟೈಟಲ್‌ಸೆಟ್‌ಗೆ ಒಂದೇ ಆಸ್ಪೆಕ್ಟ್ ರೇಶಿಯೋ, ಅದರಲ್ಲಿರುವ ಎಲ್ಲ ವಿಡಿಯೊಗಳಿಗೂ ಅದೇ ಅನ್ವಯ. ಎರಡು ಟೈಟಲ್‌ಸೆಟ್ ಮಾಡಿ, ಮೆನುವಿನಿಂದ ಎರಡಕ್ಕೂ ದಾರಿ ಕೊಡಿ. ನಿಮ್ಮ ಸಾಫ್ಟ್‌ವೇರಿಗೆ ಇದು ಬರುವುದಿಲ್ಲ ಅಂದರೆ 4:3 ವಿಡಿಯೊದ ಎಡಬಲಕ್ಕೆ ಕಪ್ಪು ಪಟ್ಟಿ ಸೇರಿಸಿ 16:9 ಮಾಡಿಕೊಳ್ಳಿ. ಪಟ್ಟಿ ಕಂಡರೆ ಕಂಡುಕೊಳ್ಳಲಿ, ಹಳೇ ನೆಂಟರನ್ನು ದಪ್ಪ ಮಾಡಿ ತೋರಿಸುವುದಕ್ಕಿಂತ ಅದು ವಾಸಿ.

ಪ್ರಶ್ನೆ: ವಿಸಿಡಿಗೆ 16:9 ಹೇಗೆ?

ಉತ್ತರ: ವಿಸಿಡಿಯಲ್ಲಿ ಆ ಚೀಟಿಗೆ ಜಾಗವೇ ಇಲ್ಲ, ಅದಕ್ಕೆ ಗೊತ್ತಿರುವುದು 4:3 ಒಂದೇ. ಪಾಲ್ ವಿಸಿಡಿಯ ಅಳತೆ 352×288. ನಿಮ್ಮ ಚಿತ್ರವನ್ನು 352×216ಕ್ಕೆ ಇಳಿಸಿ, ಮೇಲೆ 36 ಸಾಲು, ಕೆಳಗೆ 36 ಸಾಲು ಕಪ್ಪು ತುಂಬಿ. ಅಗಲ ಟಿವಿಯಲ್ಲಿ ನಾಲ್ಕೂ ಕಡೆ ಪಟ್ಟಿ ಬರುತ್ತದೆ, ರಿಮೋಟಿನ ಝೂಮ್ ಒತ್ತಿದರೆ ಪರದೆ ತುಂಬುತ್ತದೆ. ಮಸುಕಾಗಿ ಕಾಣುತ್ತದೆ ಅಂತ ಆಮೇಲೆ ಬರೆಯಬೇಡಿ, ಇರುವುದೇ 216 ಸಾಲು.