ಇರಾನಿನವರು ಅರಬ್ಬರಲ್ಲ

"ಇರಾನಿನವರೂ ಅರಬ್ಬರೇ ಅಲ್ವಾ, ಲಿಪಿ ಒಂದೇ ಇದೆಯಲ್ಲ?" ಅಂತ ಕೇಳಿದ್ದೀರಿ. ಅಲ್ಲ ಸರ್. ಮರಾಠಿ, ನೇಪಾಳಿ ಎರಡಕ್ಕೂ ನಾಗರಿ ಲಿಪಿ ಇದೆ. ಹಾಗಂತ ಅವರನ್ನು ಒಂದೇ ಜನ ಅನ್ನೋದಿಲ್ಲ ತಾನೇ?

ಅರಬ್ಬಿ ಭಾಷೆ ಹೀಬ್ರೂಗೆ ನೆಂಟ. ಇರಾನಿನ ಭಾಷೆ ಪಾರಸಿ ಸಂಸ್ಕೃತದ ಕಡೆಯದು. ಪಾರಸಿಯಲ್ಲಿ ಅಪ್ಪ ಪೆದರ್, ಅಮ್ಮ ಮಾದರ್, ಸಹೋದರ ಬರಾದರ್. ಪಿತೃ, ಮಾತೃ, ಭ್ರಾತೃ ಕಿವಿಗೆ ಬಿದ್ದ ಹಾಗಾಗುತ್ತೆ, ಅಲ್ವಾ? ಅರಬ್ಬಿಯಲ್ಲಿ 'ಪ' ಅಕ್ಷರವೇ ಇಲ್ಲ. ಪಾರಸಿಯವರು ಅವರ 'ಬ' ಅಕ್ಷರದ ಕೆಳಗಿನ ಒಂದು ಚುಕ್ಕಿಯನ್ನು ಮೂರು ಮಾಡಿ 'ಪ' ಬರೆದುಕೊಂಡರು. ಅರಬ್ಬರ ಬಾಯಲ್ಲಿ ಪಾರ್ಸಿ ಫಾರ್ಸಿ ಆಯಿತು. ಈಗ ಇರಾನಿನವರೂ ಫಾರ್ಸಿ ಅಂತಲೇ ಹೇಳುತ್ತಾರೆ.

ಟರ್ಕರದು ಇವೆರಡೂ ಅಲ್ಲದ ಬೇರೆ ಭಾಷಾ ಕುಟುಂಬ. 1928ರಲ್ಲಿ ಟರ್ಕಿ ಅರಬ್ಬಿ ಲಿಪಿ ಬಿಟ್ಟು ರೋಮನ್ ಲಿಪಿಗೆ ಬಂತು. ನನಗೆ ತುಂಬಾ ಇಷ್ಟವಾಗುವುದು ಟರ್ಕಿಶ್ ಭಾಷೆ ಪದ ಕಟ್ಟುವ ರೀತಿ. ಎವ್ ಅಂದ್ರೆ ಮನೆ, ಎವ್‌ಲೆರ್ ಮನೆಗಳು, ಎವ್‌ಲೆರ್‌ದೆ ಮನೆಗಳಲ್ಲಿ. ಥೇಟ್ ನಮ್ಮ ಕನ್ನಡದ ಹಾಗೆ! ನೆಂಟಸ್ತಿಕೆ ಇದೆ ಅಂತಲ್ಲ, ರೀತಿ ಮಾತ್ರ ಹಾಗಿದೆ.

ಇನ್ನೊಂದು ಮಾತು. ಇರಾನಿನವರೆಲ್ಲ ಪಾರಸಿಗರೂ ಅಲ್ಲ. ತಬ್ರೀಜ್ ಊರಿನಲ್ಲಿ ಮನೆಮಾತು ಜಾಸ್ತಿ ಅಜೆರಿ, ಅದು ಟರ್ಕಿಶ್‌ಗೆ ಹತ್ತಿರದ್ದು. ಇರಾಕ್ ಗಡಿಯ ಖುಜೆಸ್ತಾನದಲ್ಲಿ ಅರಬ್ಬರೇ ಇದ್ದಾರೆ. ಕುರ್ದರಂತೂ ಟರ್ಕಿ, ಇರಾಕ್, ಇರಾನ್, ಸಿರಿಯಾ ನಾಲ್ಕೂ ಕಡೆ ಹಂಚಿಹೋಗಿದ್ದಾರೆ. ಅವರ ಭಾಷೆ ಪಾರಸಿಯ ಬಳಗದ್ದು. 1187ರಲ್ಲಿ ಜೆರುಸಲೇಮ್ ಗೆದ್ದ ಸಲಾದಿನ್‌ನನ್ನು ಎಷ್ಟೋ ಜನ ಅರಬ್ ಅಂದುಕೊಂಡಿದ್ದಾರೆ. ಅವನು ಕುರ್ದ್ ಮನೆತನದವನು.